ಅಲಾಯಿ ಪೆಟ್ಟಿಗೆಯಲ್ಲಿದ್ದ ಭಾಷಣ

ನಾನು ಸೇಡಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯುವುದು ಬೇಡ. ರಾಯಚೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತ ಕೂದಲು ಬೆಳ್ಳಗಾಗಿದೆ. ಸೋತ ಕೇಸುಗಳನ್ನು ಮರೆತಿದ್ದೇನೆ, ಸೋಲಿಸಿದವರನ್ನೂ ಮರೆತಿದ್ದೇನೆ. ಆದರೆ ಮಾನ್ವಿಯ ಅಕ್ಕಿ ಮಿಲ್ಲಿನ ಸಾಹುಕಾರನೊಬ್ಬ ನನ್ನ ಅಪ್ಪನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರ ಅಂದದ್ದನ್ನು ಮರೆಯಲಿಲ್ಲ. ಅದೇ ಬಾಯಿಂದ, ನಾಲ್ಕು ಜನರ ಮುಂದೆಯೇ, ಆ ಮಾತನ್ನು ವಾಪಸು ತೆಗೆಸಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಸಾಹುಕಾರನಿಗೆ ಎದುರಿನಲ್ಲಿ ಬಹುವಚನ ಕೊಡುತ್ತೇನೆ. ಬರೆಯುವಾಗ ಯಾಕೆ ಕೊಡಲಿ? ಅಪ್ಪನಿಗೂ ಇಲ್ಲಿ ಏಕವಚನವೇ, ಆದರೆ ಅದು ಸಲಿಗೆಯದು.

ಜಗಳ ಒಂದು ಭಾಷಣದ್ದು. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ದೇವದುರ್ಗದ ಸಂತೆಯಲ್ಲಿ ಎತ್ತಿನ ಗಾಡಿಯ ಮೇಲೆ ನಿಂತು ಒಬ್ಬ ಮನುಷ್ಯ ಆಡಿದ ಭಾಷಣ. ನಮ್ಮ ಕಡೆಯ ಶಾಲಾ ಮಕ್ಕಳಿಗೆ ಅದು ಬಾಯಿಪಾಠ. ಸೆಪ್ಟೆಂಬರಿನಲ್ಲಿ ವಿಮೋಚನಾ ದಿನ ಬಂತೆಂದರೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಕೈ ಬೀಸಿ ಬೀಸಿ ಅದನ್ನು ಒಪ್ಪಿಸುತ್ತಾರೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ ಗೆಲ್ಲುತ್ತಾರೆ. ಆ ಗಾಡಿಯ ಮೇಲೆ ನಿಂತವನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ದೇವದುರ್ಗದ ಕಚೇರಿಯ ಮುಂದೆ ಚಾಪೆ ಹಾಸಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವನು. ಅಚ್ಚು ಹಾಕಿಸಿದರೆ ಮುದ್ರಣಾಲಯಕ್ಕೆ ಬೀಗ ಬೀಳುತ್ತಿದ್ದ ಕಾಲ ಅದು. ಅದಕ್ಕೇ ಅವನು ಭಾಷಣವನ್ನು ತನ್ನ ಕೈಯಿಂದಲೇ ಪ್ರತಿ ಮಾಡಿ ಊರೂರಿಗೆ ಕಳಿಸಿದ್ದ. ಅಲ್ಲಿಯವರು ಅಲ್ಲಲ್ಲಿ ಓದಿ ಹೇಳಲಿ, ತಾನು ಜೈಲಿನಲ್ಲಿದ್ದರೂ ಮಾತು ತಿರುಗಾಡುತ್ತಿರಲಿ ಎಂಬುದು ಅವನ ಲೆಕ್ಕ.

ಮಾತು ತಿರುಗಾಡಿತು, ಆಡಿದವನ ಹೆಸರು ತಿರುಗಾಡಲಿಲ್ಲ. ಪ್ರತಿ ಊರಿನವರಿಗೂ ತಮ್ಮ ಊರಲ್ಲಿ ಯಾರು ಓದಿ ಹೇಳಿದರೋ ಅವರೇ ನೆನಪು. ಮಾನ್ವಿಯಲ್ಲಿ ಓದಿ ಹೇಳಿದವನು ಈ ಸಾಹುಕಾರನ ಅಪ್ಪ. ಅವನು ಒಳ್ಳೆಯ ಮನುಷ್ಯ, ಅದನ್ನು ಅಲ್ಲಗಳೆಯುವಷ್ಟು ಕೆಟ್ಟವಳಲ್ಲ ನಾನು. ಬದುಕಿರುವವರೆಗೂ ಪ್ರತಿ ವರ್ಷ ಹೊಸ ಅಕ್ಕಿಯ ಚೀಲ ಹೊರಿಸಿಕೊಂಡು ದೇವದುರ್ಗಕ್ಕೆ ಬರುತ್ತಿದ್ದ, "ನಿಮ್ಮ ಮಾತು ಓದಿ ನಾ ಮನುಷ್ಯಾ ಆದೆ" ಎಂದು ಮುತ್ಯಾನ ಕಾಲಿಗೆ ಬೀಳುತ್ತಿದ್ದ. ಜೊತೆಯಲ್ಲಿ ಮಗನನ್ನೂ ಕರೆತಂದು ಕಾಲಿಗೆ ಬೀಳಿಸುತ್ತಿದ್ದ. ಇದನ್ನು ಅಪ್ಪ ಕಣ್ಣಾರೆ ಕಂಡಿದ್ದ. ಅಂದರೆ ಮಗ ಸಾಹುಕಾರನಿಗೆ ಸತ್ಯ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ನುಂಗಿದ್ದ.

ಇನ್ನೊಂದು ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕನ್ನಡದಲ್ಲಿ ಅಂಥ ಭಾಷಣ ಮಾಡಿದ ನನ್ನ ಮುತ್ಯಾನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಬೇರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಆಗ ಶಾಲೆಯೂ ಉರ್ದು, ಕಚೇರಿಯೂ ಉರ್ದು. ಮನೆಯ ಮಾತು ಕನ್ನಡ, ಕೈಯ ಅಕ್ಷರ ಉರ್ದು. ಸಂತೆಯ ಚೀಟಿಯಲ್ಲಿ ಜೋಳ, ಬೆಲ್ಲ, ಒಣಮೆಣಸಿನಕಾಯಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದ, ಆದರೆ ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ. ಅಪ್ಪ ಅವನಿಂದ ಆ ಅಕ್ಷರ ಕಲಿತ, ನಾನು ಅಪ್ಪನಿಂದ ಕಲಿತೆ. ನಮ್ಮ ಜಿಲ್ಲೆಯ ಹಳೆಯ ಜಮೀನಿನ ಕಾಗದಗಳೆಲ್ಲ ಉರ್ದುವಿನಲ್ಲೇ ಇರುವುದರಿಂದ ನನ್ನ ವಕೀಲಿಕೆ ನಡೆದದ್ದೂ ಅದರ ಮೇಲೆಯೇ.

ಕೆಲವು ವರ್ಷಗಳ ಹಿಂದೆ ರಾಯಚೂರಿನಲ್ಲಿ ಒಂದು ಸಭೆ. ಸಾಹುಕಾರ ವೇದಿಕೆಯ ಮೇಲೆ. ಅವನ ಕೈಯಲ್ಲಿ ಕಟ್ಟು ಹಾಕಿಸಿದ ಒಂದು ಹಳೆಯ ಹಾಳೆ, ಮೇಲಿನಿಂದ ಕೆಳಗಿನವರೆಗೂ ದುಂಡಗಿನ ಕನ್ನಡ ಅಕ್ಷರ. ದೇವದುರ್ಗದ ಆ ಭಾಷಣ ತನ್ನ ಅಪ್ಪನದೆಂದೂ, ಇದೇ ಅವರ ಕೈಯ ಮೂಲ ಪ್ರತಿಯೆಂದೂ, ಮಾನ್ವಿಯಲ್ಲಿ ತಾನು ಕಟ್ಟಿಸುತ್ತಿರುವ ಸ್ಮಾರಕ ಭವನದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಅದನ್ನು ಇಡುವುದಾಗಿಯೂ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಕೆಳಗೆ ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಪ್ಪ ಎದ್ದು ನಿಂತ. ಮಾನ್ವಿಯ ಶಾಲೆಯಲ್ಲಿ ಕಲಿಸಿ ನಿವೃತ್ತನಾದ ಮಾಸ್ತರು, ಜೋರು ಮಾತಿನವನಲ್ಲ. ಆದರೂ ಆವತ್ತು ಎಲ್ಲರಿಗೂ ಕೇಳುವಂತೆ ಹೇಳಿದ:

"ಸಾವ್ಕಾರ್ರೇ, ಅದು ನಮ್ಮಪ್ಪನ ಭಾಷಣ. ನಿಮ್ಮಪ್ಪಾರು ಕನ್ನಡ ಅಕ್ಷರದಾಗ ಬರಕೊಂಡು ಓದಿದ್ರು. ನಿಮಗೂ ಗೊತ್ತದ."

ಸಾಹುಕಾರ ಮೈಕಿನಲ್ಲೇ ನಕ್ಕ. "ಮಾಸ್ತರೇ, ಈ ವಯಸ್ಸಿನ್ಯಾಗ ಸುಳ್ಳು ಹೇಳಬಾರ್ದ್ರಿ. ನಿಮ್ಮಪ್ಪಂದಾದ್ರ ಕಾಗದ ತೋರಸ್ರಿ. ಯಾರರ ಹಿಡ್ದು ಕೂಡಸ್ರಪಾ, ಬಿದ್ದುಗಿದ್ದಾರು."

ಸಭೆ ಗೊಳ್ಳೆಂದು ನಕ್ಕಿತು. ಬ್ಯಾಡ್ಜು ಹಾಕಿಕೊಂಡ ಇಬ್ಬರು ಹುಡುಗರು ಬಂದು ಅಪ್ಪನ ಭುಜ ಹಿಡಿದು ಕುರ್ಚಿಗೆ ಒತ್ತಿದರು. ನಾನು ವಕೀಲಳು, ದಿನಾ ಬೇರೆಯವರ ಪರ ಗಂಟಲು ಹರಿದುಕೊಳ್ಳುವವಳು, ಆವತ್ತು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬರುವಾಗ ಅಪ್ಪ ಅಂದದ್ದು ಇಷ್ಟೇ: "ಕಾಗದ ಇದ್ದಿದ್ರ ತೋರಸ್ತಿದ್ದೆ ನೋಡವಾ."

ಕಾಗದ ಇರಲಿಲ್ಲ. ಮುತ್ಯಾನನ್ನು ಹಿಡಿದುಕೊಂಡು ಹೋದ ದಿನ ಅಜ್ಜಿ ಮನೆಯಲ್ಲಿದ್ದ ಹಾಳೆಗಳನ್ನೆಲ್ಲ ಒಲೆಗೆ ಹಾಕಿ ಅದೇ ಉರಿಯಲ್ಲಿ ರೊಟ್ಟಿ ಬೇಯಿಸಿದ್ದಳು. ಮನೆ ಶೋಧಿಸಲು ಬಂದ ಪೊಲೀಸರಿಗೆ ಬಿಸಿ ರೊಟ್ಟಿಯ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲವಂತೆ. ಅಜ್ಜಿಯ ಆ ಜಾಣತನವನ್ನು ನಾವು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅದೇ ಮುಂದೆ ಅಪ್ಪನ ಕೈ ಕಟ್ಟಿಹಾಕುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಸಭೆಯ ನಂತರ ಅಪ್ಪ ಮಾನ್ವಿಯ ಬಸ್ ನಿಲ್ದಾಣದ ಹೋಟೆಲಿಗೆ ಹೋಗುವುದನ್ನು ಬಿಟ್ಟ. ನಿವೃತ್ತ ಮಾಸ್ತರುಗಳೆಲ್ಲ ಸಂಜೆ ಅಲ್ಲಿ ಸೇರಿ ಚಹಾ ಕುಡಿಯುವುದು ರೂಢಿ. ಅಲ್ಲಿ ಯಾರೋ ಪುಣ್ಯಾತ್ಮ "ಮಾಸ್ತರ್, ಇವತ್ತು ಯಾರ ಭಾಷಣ?" ಎಂದು ಚುಡಾಯಿಸಿದನಂತೆ. ಅವತ್ತಿನಿಂದ ಅಪ್ಪ ಮನೆಯಲ್ಲೇ ಚಹಾ ಮಾಡಿಕೊಂಡು, ಗೋಡೆಗೆ ಮುಖ ಮಾಡಿ ಕೂತು ಕುಡಿಯುತ್ತಿದ್ದ. ಮುಂದಿನ ಬೇಸಿಗೆಯನ್ನು ಅವನು ನೋಡಲಿಲ್ಲ. ವಯಸ್ಸಾಗಿತ್ತು, ಹೋದ ಎಂದು ನೆಂಟರು ಸಮಾಧಾನ ಹೇಳಿದರು. ನನಗೆ ಸಮಾಧಾನ ಬೇಕಾಗಿರಲಿಲ್ಲ. ಸಾಹುಕಾರನೂ ಅಪ್ಪನ ಮಣ್ಣಿಗೆ ಬಂದಿದ್ದ, ದೊಡ್ಡ ಹಾರ ಹಿಡಿದುಕೊಂಡು. ಆ ಹಾರವನ್ನು ನಾನು ಕಿತ್ತು ಬದಿಗಿಟ್ಟೆ, ಎಲ್ಲರೂ ನೋಡುವಂತೆಯೇ.

ಅಪ್ಪ ಬದುಕಿದ್ದಾಗ ಎರಡು ಊರುಗಳ ಹೆಸರು ಹೇಳುತ್ತಿದ್ದ. ಪೋತ್ನಾಳಕ್ಕೂ ಬಾಗಲವಾಡಕ್ಕೂ ಪ್ರತಿ ಹೋಗಿದ್ದು ಖಂಡಿತ, ಉಳಿದ ಊರುಗಳು ನೆನಪಿಲ್ಲ ಎನ್ನುತ್ತಿದ್ದ. ಭವನದ ಗೋಡೆ ಮೇಲೇಳುತ್ತಿತ್ತು, ಉದ್ಘಾಟನೆಗೆ ಮಂತ್ರಿಗಳು ಬರುವ ಸುದ್ದಿಯೂ ಇತ್ತು. ನಾನು ಮೊದಲು ಪೋತ್ನಾಳಕ್ಕೆ ಹೋದೆ.

ಪೋತ್ನಾಳದಲ್ಲಿ ಪ್ರತಿ ಹೋಗಿದ್ದ ಮನೆಯವರು ಈಗ ರಸ್ತೆಯ ಪಕ್ಕ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅಂಗಡಿಯವನು ಕುರ್ಚಿ ಹಾಕಿ, ತಂಪು ನೀರು ಕೊಟ್ಟು, ಬಂದ ಕಾರಣ ಕೇಳಿದ ಕೂಡಲೇ ಮುಖ ಅರಳಿಸಿದ.

"ಇತ್ರಿ ಮೇಡಂ, ಇತ್ತು! ಹಳೇ ಮಾಳಿಗಿ ಬಿಚ್ಚಿದಾಗ ಗ್ವಾಡಿ ಗೂಡಿನ್ಯಾಗ ಸಿಕ್ಕಿತ್ತು."

"ಎಲ್ಲಿ ಅದ ಈಗ?"

"ಸಾಬರ ದೇವ್ರ ಬರಹ ಅಲ್ರೀ ಅದು. ಕಸಕ್ಕ ಹಾಕಾಕ ಮನಸಾಗಲಿಲ್ಲ. ಹೊಸಾ ಅರಿವ್ಯಾಗ ಕಟ್ಟಿ, ಕಾಯಿ ಒಡ್ದು, ಹೊಳಿಗೆ ಬಿಟ್ವಿ. ತಪ್ಪೇನಿಲ್ಲಲ್ರೀ?"

ಉರ್ದು ಅಕ್ಷರ ಕಂಡರೆ ಅದು ದೇವರ ವಾಕ್ಯವೇ ಎಂದು ನಮ್ಮ ಕಡೆಯ ಇಂದಿನ ಜನ ನಂಬುತ್ತಾರೆ. ಅದೇ ಅಕ್ಷರದಲ್ಲಿ ಇವರ ತಾತಂದಿರು ಬೆಲ್ಲದ ಲೆಕ್ಕ ಬರೆದಿದ್ದರು ಎಂಬುದು ಯಾರ ತಲೆಯಲ್ಲೂ ಉಳಿದಿಲ್ಲ. ಅಪ್ಪನ ಮಾನ ಉಳಿಸಬೇಕಾಗಿದ್ದ ಹಾಳೆಯನ್ನು ಈ ಮನುಷ್ಯ ಭಕ್ತಿಯಿಂದ ತುಂಗಭದ್ರೆಯ ಮೀನಿಗೆ ತಿನ್ನಿಸಿ, ನನ್ನಿಂದ ಶಹಬಾಸ್‌ಗಿರಿ ಕಾಯುತ್ತ ಕೂತಿದ್ದ. "ಚೊಲೋ ಮಾಡಿದ್ರಿ" ಎಂದು ಹಲ್ಲು ಕಚ್ಚಿಕೊಂಡು ಎದ್ದೆ. ರಾಯಚೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅಳುವೂ ಬಂತು, ಸಿಟ್ಟೂ ಬಂತು. ಆವತ್ತು ಮನೆಯಲ್ಲಿ ಮಾಡಿದ ಸಾರನ್ನು ಖಾರಕ್ಕೆ ಯಾರಿಗೂ ಉಣ್ಣಲಾಗಲಿಲ್ಲ.

ಆದರೆ ಸಿಟ್ಟು ಇಳಿದ ಮೇಲೆ ಬುದ್ಧಿ ಕೆಲಸ ಮಾಡಿತು. ಪೋತ್ನಾಳದವರು ದೇವರ ಬರಹ ಎಂದು ತಿಳಿದು ಹೊಳೆಗೆ ಬಿಟ್ಟರು. ಬಾಗಲವಾಡದವರೂ ಹಾಗೆಯೇ ತಿಳಿದಿದ್ದರೆ, ಹೊಳೆಗೆ ಬಿಡುವ ಬದಲು ದೇವರ ಹತ್ತಿರವೇ ಇಟ್ಟಿರಬಹುದಲ್ಲ? ಮೊಹರಮ್ಮಿನಲ್ಲಿ ಕೂಡುವ ಅಲಾಯಿ ದೇವರು ನಮ್ಮ ಕಡೆ ಎಲ್ಲರ ದೇವರು. ಆ ದೇವರ ಲೋಹದ ಹಸ್ತಗಳಾದ ಪಂಜಾಗಳನ್ನು ಹೊರುವವರಲ್ಲಿ ವಿಭೂತಿ ಹಚ್ಚಿದವರೇ ಹೆಚ್ಚು. ಹಬ್ಬ ಮುಗಿದ ಮೇಲೆ ಅವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಒಂದು ಮನೆಯಲ್ಲಿ ಇಡುತ್ತಾರೆ. ಬಾಗಲವಾಡದಲ್ಲಿ ಆ ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂದು ಕೇಳಿಕೊಂಡು ಹೋದೆ.

ಒಕ್ಕಲುತನದ ಮನೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮುದುಕಿ ಬಾಗಿಲಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ದೇವರ ಜಗಲಿಯ ಮೇಲೆ ಲಿಂಗ, ಅದರ ಮಗ್ಗುಲಲ್ಲೇ ಅಲಾಯಿ ಪೆಟ್ಟಿಗೆ. ದೇವರ ಬರಹ ಏನಾದರೂ ಇದೆಯೇ ಎಂದು ಕೇಳಿದೆ.

"ಐತಲ್ಲವಾ! ನಮ್ಮ ಅತ್ತಿ ಕಾಲದಿಂದ ಐತಿ. ನಿಜಾಮನ ಪೊಲೀಸರು ಬಂದಾಗ ಯಾರೋ ಓಡಿಬಂದು ಪೆಟ್ಟಿಗ್ಯಾಗ ಇಟ್ಟು ಹೋದ್ರಂತ. ದೇವ್ರ ಪೆಟ್ಟಿಗಿ ಮುಟ್ಟಾಕ ಪೊಲೀಸರಿಗೂ ಅಂಜಿಕಿ. ಇಟ್ಟವ್ರು ಮತ್ತ ಬರಲಿಲ್ಲ. ಗುರುವಾರಕ್ಕೊಮ್ಮಿ ಪೆಟ್ಟಿಗಿ ತಗದು ಲೋಬಾನ ಹಾಕ್ತೀವಿ. ಗುರುವಾರ ಬಾ, ತೋರಸ್ತೀನಿ."

ಗುರುವಾರ ಹೋದೆ. ಮುದುಕಿ ಲೋಬಾನದ ಹೊಗೆ ಹಿಡಿದು, ಪೆಟ್ಟಿಗೆಯ ಮುಚ್ಚಳ ತೆಗೆದು, ಹಸಿರು ಬಟ್ಟೆಯ ಗಂಟು ಬಿಚ್ಚಿ ನನ್ನ ಮುಂದಿಟ್ಟು, ತಾನು ಬತ್ತಿ ಹೊಸೆಯುತ್ತ ಕೂತಳು. ಮಡಿಕೆಗಳಲ್ಲಿ ಸವೆದ ಹಾಳೆಗಳು, ಕಂದಿದ ಮಸಿ. ಮೊದಲ ಸಾಲನ್ನು ಬೆರಳಿಟ್ಟು ಓದಿದೆ. ಅರಬ್ಬಿ ಅಲ್ಲ, ಉರ್ದುವೂ ಅಲ್ಲ. ಅಚ್ಚ ದೇವದುರ್ಗದ ಕನ್ನಡ. ಉರ್ದುವಿನಲ್ಲಿ ಇಲ್ಲದ ನಮ್ಮ ಕೆಲವು ಅಕ್ಷರಗಳಿಗೆ ಮುತ್ಯಾ ತನ್ನದೇ ಚುಕ್ಕೆಗಳನ್ನು ಮಾಡಿಕೊಂಡಿದ್ದ, ಅಪ್ಪ ನನಗೆ ಅವನ್ನು ಸ್ಲೇಟಿನ ಮೇಲೆ ಕಲಿಸಿದ್ದ. ಆ ಚುಕ್ಕೆಗಳು ಅಲ್ಲಿದ್ದವು. ಕೊನೆಯಲ್ಲಿ ಮುತ್ಯಾನ ಸಹಿ ಇತ್ತು.

ನಾನು ಗಟ್ಟಿಯಾಗಿ ಓದಿದೆ. ಉಳುವವನು ತಲೆ ಎತ್ತುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಮುತ್ಯಾ ಹೇಳಿದ ಭಾಗ ಬಂದಾಗ ಮುದುಕಿಯ ಕೈಯ ಬತ್ತಿ ನಿಂತಿತು.

"ಇದು ಕನ್ನಡ ಏನವಾ?"

"ಹೌದು ಆಯಿ. ದೇವ್ರ ಬರಹ ಅಲ್ಲ. ನಮ್ಮ ಮುತ್ಯಾ ಮಾಡಿದ ಭಾಷಣ."

ಹೇಳಿದ ಮೇಲೆ ಹೆದರಿದೆ. ಇಷ್ಟು ವರ್ಷ ಕೈ ಮುಗಿದದ್ದು ಬರೀ ಅರ್ಜಿ ಬರೆಯುವವನ ಹಾಳೆಗೆ ಎಂದು ಗೊತ್ತಾದರೆ ಈಕೆಯ ಮನಸ್ಸು ಏನಾದೀತು? ಮುದುಕಿ ಮಾತ್ರ ಮತ್ತೆ ಬತ್ತಿ ಹೊಸೆಯಲು ಶುರುಮಾಡಿದಳು.

"ಎಷ್ಟೋ ಮಂದಿ ಹರಕಿ ಹೊತ್ತಾರ, ಎಷ್ಟೋ ಮನ್ಯಾಗ ತೊಟ್ಟಲಾ ಕಟ್ಟ್ಯಾರ. ಈಗ ಭಾಷಣ ಅಂದ್ರ ಯಾರು ಕೇಳ್ತಾರ? ದೇವ್ರು ನಮ್ಮ ಮಾತು ಆಡಿದ್ರ ತಪ್ಪೇನದ ಬಿಡು. ಮಾನ್ವಿ ಮಿಲ್ಲಿನ ಸಾವ್ಕಾರ್ರು ವರ್ಷಾ ಬರ್ತಾರ ನೋಡು, ದೇವ್ರಿಗೆ ಕಟ್ಟೋ ದಟ್ಟಿ ಅರಿವಿ ತಗೊಂಡು. ಅವರ ಮಮ್ಮಗ ಹುಟ್ಟಿದ್ದು ಈ ಪೆಟ್ಟಿಗಿ ಮುಂದ ಬೇಡ್ಕೊಂಡ ಮ್ಯಾಲ."

ನನ್ನ ಕಿವಿ ನೆಟ್ಟಗಾಯಿತು. ಒಯ್ಯಬಹುದೇ ಎಂದು ಕೇಳಿದೆ.

"ಒಯ್ಯಿ. ಆದ್ರ ಪೆಟ್ಟಿಗ್ಯಾಗಿಂದು ಏನು ಒಯ್ಯಬೇಕಂದ್ರೂ ಮುಚ್ಚಳದ ಮ್ಯಾಲ ಕೈ ಇಟ್ಟು, ಇದು ಯಾರದು, ನಾ ಯಾಕ ಒಯ್ಯಾಕತ್ತೀನಿ ಅಂತ ಖರೆ ಹೇಳ್ಬೇಕು. ಪಂಜಾ ತೊಳಿಯಾಕ ಒಯ್ಯೋ ಅಕ್ಕಸಾಲಿಗನೂ ಹೇಳೇ ಒಯ್ತಾನ. ಸುಳ್ಳಾದ್ರ ಮನಿ ಉಳ್ಯಂಗಿಲ್ಲ."

ಕೋರ್ಟಿನಲ್ಲಿ ದಿನಾ ಪ್ರಮಾಣ ಮಾಡಿ ಸುಳ್ಳು ಹೇಳುವವರನ್ನು ಕಂಡು ಕಂಡು ನನಗೆ ಆಣೆ ಪ್ರಮಾಣಗಳ ಮೇಲೆ ನಂಬಿಕೆ ಹೋಗಿದೆ. ಆದರೆ ಸಾಹುಕಾರನ ನಂಬಿಕೆ ಹೋಗಿರಲಿಲ್ಲ, ನನಗೆ ಬೇಕಾಗಿದ್ದೂ ಅಷ್ಟೇ. ಆವತ್ತು ನಾನು ಮುಚ್ಚಳದ ಮೇಲೆ ಕೈ ಇಡಲಿಲ್ಲ, ಹಾಳೆ ಒಯ್ಯಲೂ ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಹಾಳೆಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಂದೆ, ಇಲಿ ಬೋನಿನಲ್ಲಿ ಕೊಬ್ಬರಿ ಚೂರು ಬಿಟ್ಟ ಹಾಗೆ.

ಫೋಟೋ ಊರಿನ ಪತ್ರಿಕೆಯಲ್ಲಿ ಬಂತು. ಬಾಗಲವಾಡದಲ್ಲಿ ಮೂಲ ಪ್ರತಿ ಸಿಕ್ಕಿದೆ, ಕೆಳಗೆ ದೇವದುರ್ಗದ ಅರ್ಜಿ ಬರಹಗಾರನ ಸಹಿ ಇದೆ ಎಂದು ಬರೆದಿದ್ದರು. ಸಾಹುಕಾರ ಹೆದರಿ ಬಿಲ ಸೇರುತ್ತಾನೆ ಎಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ನನಗೆ ಅವನು ಗೊತ್ತು. ಬೆಳಿಗ್ಗೆಯೇ ಫೋನು ಮಾಡಿದ, ದನಿಯಲ್ಲಿ ಸಕ್ಕರೆ ಪಾಕ.

"ತಂಗೀ, ಚೊಲೋ ಕೆಲಸ ಮಾಡಿದಿ ನೋಡವಾ. ನಮ್ಮಪ್ಪಾರು ಹೇಳಿದ್ದನ್ನ ನಿಮ್ಮ ಮುತ್ಯಾ ಬರಕೊಂಡಾರ. ಅರ್ಜಿ ಬರಿಯೋರಲ್ಲೇನು? ಬರದವ್ರು ಸಹಿ ಹಾಕೋದು ರೂಢಿ ಅದ. ಭವನದಾಗ ಗಾಜಿನ ಪೆಟ್ಟಿಗಿ ತಯಾರ್ ಅದ, ಎರಡೂ ಕೂಡೇ ಇಡೋಣು. ನಿಮ್ಮ ಮುತ್ಯಾನ ಹೆಸರೂ ಹಾಕ್ಸೋಣು, ಸಣ್ಣದಾಗಿ."

ಸಣ್ಣದಾಗಿ! ಆದರೆ ಅವನ ವಾದದಲ್ಲಿ ಹುಳುಕು ಹುಡುಕುವುದು ಸುಲಭವಿರಲಿಲ್ಲ. ಕಾಗದವನ್ನು ಹೇಗೆ ಬೇಕಾದರೂ ತಿರುಚಬಹುದು, ನಾನು ಅನ್ನ ತಿನ್ನುವುದೇ ಆ ಕೆಲಸದಿಂದ. ಸಹಿ ತೋರಿಸಿ ಅವನ ಬಾಯಿ ಮುಚ್ಚಿಸಲು ಸಾಧ್ಯವಿರಲಿಲ್ಲ. ಬಾಯಿ ತೆರೆಸಬೇಕಾಗಿತ್ತು.

"ಆಯ್ತ್ರಿ ಸಾವ್ಕಾರ್ರೇ," ಅಂದೆ, ಅವನಷ್ಟೇ ಸಿಹಿಯಾಗಿ. "ನಿಮ್ಮ ಕೈಲಿಂದಾನೇ ಒಯ್ರಿ. ಗುರುವಾರ ಬರ್ರಿ. ಪೇಪರಿನವ್ರನ್ನೂ ಕರಕೊಂಡ ಬರ್ರಿ, ಚೊಲೋ ಫೋಟೋ ಆಗ್ತಾವ."

ಗುರುವಾರ ಅವನು ಬಂದ. ಒಂದು ಕಾರಿನಲ್ಲಿ ಪತ್ರಿಕೆಯವರು, ಇನ್ನೊಂದರಲ್ಲಿ ಅವನ ಬಳಗ. ಬಾಗಲವಾಡದ ಅರ್ಧ ಊರು ಅಂಗಳದಲ್ಲಿ ಸೇರಿತ್ತು. ಸಾಹುಕಾರ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಲೆಗೆ ಕರ್ಚೀಫು ಕಟ್ಟಿಕೊಂಡು, ಪೆಟ್ಟಿಗೆಗೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಅದು ನಾಟಕವಲ್ಲ, ನಿಜವಾದ ಭಕ್ತಿ. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುದುಕಿ ಲೋಬಾನ ಹಾಕಿ, ಹಸಿರು ಗಂಟನ್ನು ಹೊರಗೆ ತೆಗೆದು, ಮುಚ್ಚಳ ಮುಚ್ಚಿ ಅದರ ಮೇಲಿಟ್ಟಳು. "ಕೈ ಇಟ್ಟು ಹೇಳ್ರಿ ಸಾವ್ಕಾರ್ರ. ಇದು ಯಾರದು, ಯಾಕ ಒಯ್ಯಾಕತ್ತೀರಿ?"

"ಆಯೀ, ಅದೆಲ್ಲ ಪಂಜಾಕ್ಕ. ಇದು ಕಾಗದ," ಎಂದು ಅವನು ನಕ್ಕ.

"ಪೆಟ್ಟಿಗ್ಯಾಗ ಇದ್ದದ್ದೆಲ್ಲ ನಮಗ ಒಂದೇರಿ. ನಿಮ್ಮ ಮಮ್ಮಗನ್ನ ಬೇಡ್ಕೊಂಡಾಗೂ ಇದು ಒಳಗೇ ಇತ್ತು."

ಅವನ ನಗು ಅಲ್ಲೇ ಕುಂಟಿತು. ಉಂಗುರದ ಕೈ ಮುಂದೆ ಬಂತು, ಮುಚ್ಚಳದ ಮೇಲೆ ಇಳಿಯದೆ ಹೊಗೆಯಲ್ಲೇ ನಿಂತಿತು. ಒಬ್ಬ ಪತ್ರಿಕೆಯವನು ಮೊಬೈಲು ಎತ್ತಿ ಹಿಡಿದು, "ಹೇಳ್ರಿ ಸಾವ್ಕಾರ್ರೇ, ವಿಡಿಯೋ ನಡದದ" ಎಂದ. ಸಾಹುಕಾರ ನನ್ನ ಕಡೆ ನೋಡಿದ. ತಂಗೀ, ನಡುವೆ ಏನಾದರೂ ಹೇಳಿ ಬಿಡಿಸು ಎಂಬ ನೋಟ ಅದು. ನಾನು ಸೆರಗು ಸರಿಮಾಡಿಕೊಂಡೆ. ನನಗೆ ಯಾವ ಗಡಿಬಿಡಿಯೂ ಇರಲಿಲ್ಲ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಬ್ಯಾಡ ಬಿಡ್ರಿ. ದೇವ್ರದು ದೇವ್ರ ಹತ್ರಾನೇ ಇರ್ಲಿ. ನಾ ಒಯ್ಯಂಗಿಲ್ಲ."

"ಒಯ್ಯಬ್ಯಾಡ್ರಿ," ಅಂದೆ. "ಆದ್ರ ಇಷ್ಟು ಮಂದಿ ಬಂದಾರ. ಯಾರದು ಅಂತ ಹೇಳಿ ಹೋಗ್ರಿ. ಇಲ್ಲಾ, ನಿಮ್ಮಪ್ಪಾರದು ಅಂತ ಕೈ ಇಟ್ಟು ಹೇಳ್ರಿ, ನಾನೇ ಹೊತಗೊಂಡ ಬಂದು ನಿಮ್ಮ ಭವನದಾಗ ಇಡ್ತೀನಿ."

ಬಾಗಿಲಿಗೆ ಜನ ಅಡ್ಡ ನಿಂತಿದ್ದರು, ಯಾರೂ ಬೇಕೆಂದೇ ನಿಂತದ್ದಲ್ಲ, ಆದರೆ ಸರಿಯಲೂ ಇಲ್ಲ. ಮುದುಕಿ ಲೋಬಾನಕ್ಕೆ ಇನ್ನೊಂದು ಚಿಟಿಕೆ ಹಾಕಿದಳು. ಸಾಹುಕಾರನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

"ದೇವದುರ್ಗದವ್ರದು," ಎಂದ ಕೊನೆಗೆ.

"ಮತ್ತ ನಮ್ಮಪ್ಪ?"

ಅವನು ನೆಲ ನೋಡಿದ. ಅವನ ಕಣ್ಣಲ್ಲಿ ನೀರು ಇತ್ತೋ, ಹೊಗೆಗೆ ಬಂದದ್ದೋ ನನಗೆ ತಿಳಿಯದು, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

"ಮಾಸ್ತರು ಸುಳ್ಳು ಹೇಳಿರಲಿಲ್ಲ."

ಮೆಲ್ಲಗೆ ಹೇಳಿದ್ದ. ಆದರೂ ಎಲ್ಲರಿಗೂ ಕೇಳಿಸಿತು. ನನಗಂತೂ ಒಂದೊಂದು ಅಕ್ಷರವೂ ಕೇಳಿಸಿತು.

"ಕೇಳಸಲಿಲ್ರಿ ಸಾವ್ಕಾರ್ರೇ," ಎಂದು ಇನ್ನೊಮ್ಮೆ ಹೇಳಿಸಿದೆ.